ಆ ದುಬಾರಿ ಪುಸ್ತಕ ಬೀರುವಿನಲ್ಲೇ ಇರಲಿ, ಒಂದು ದಬ್ಬಳ ತನ್ನಿ

ಪ್ರಶ್ನೆ: ನಾನು ದಾವಣಗೆರೆಯವಳು. ವಯಸ್ಸು 41, ಬ್ಯಾಂಕಿನಲ್ಲಿ ಕೆಲಸ. ಹೋದ ವರ್ಷ ಅಪ್ಪ ತೀರಿಕೊಂಡರು. ಇಲ್ಲಿನ ಹತ್ತಿ ಮಿಲ್ಲಿನಲ್ಲಿ ದುಡಿದವರು ಅವರು. ಅವರು ಹೋದ ಮೇಲೆ ಸಂಜೆ ಹೊತ್ತು ಯಾವುದಕ್ಕೂ ಮನಸ್ಸಾಗುತ್ತಿರಲಿಲ್ಲ. ಗೆಳತಿಯೊಬ್ಬಳು ಆರ್ಟ್ ಜರ್ನಲ್ ಶುರು ಮಾಡು ಎಂದಳು. 900 ರೂಪಾಯಿ ಕೊಟ್ಟು 300 ಜಿಎಸ್‌ಎಂನ ದಪ್ಪ ಹಾಳೆಯ ಪುಸ್ತಕ ತರಿಸಿದೆ. ಕುಂದವಾಡ ಕೆರೆಯಲ್ಲಿ ಕಂಡ ಬೆಳ್ಳಕ್ಕಿ ಬರೆದೆ. ಪಿಯುಸಿ ಓದುವ ಮಗಳು ನೋಡಿ, "ಇದು ಕೋಳಿನಾ ಅಮ್ಮ?" ಎಂದು ನಕ್ಕಳು. ಮೂರು ಹಾಳೆ ಹರಿದೆ. ಈಗ ಪುಸ್ತಕ ಬೀರುವಿನಲ್ಲಿದೆ. ಚಿತ್ರ ಬಾರದವರು ಇದನ್ನು ಮಾಡಬಹುದಾ? ಏನೇನು ಸಾಮಾನು ಬೇಕು? ಅಪ್ಪನ ಬಗ್ಗೆ ಬರೆಯಬೇಕು ಅನ್ನಿಸುತ್ತೆ. ಆದರೆ ಮನೆಯವರು ಓದಿಬಿಟ್ಟರೆ ಎಂಬ ಭಯ.

ಉತ್ತರ: ಹರಿದ ಆ ಮೂರು ಹಾಳೆ ಇನ್ನೂ ಮನೆಯಲ್ಲಿವೆಯಾ? ಇದ್ದರೆ ಎಸೆಯಬೇಡಿ. ಅವುಗಳಿಗೆ ಕೆಲಸವಿದೆ, ಹೇಳುತ್ತೇನೆ.

ನಾನು ಚಿತ್ರದುರ್ಗದಲ್ಲಿ 28 ವರ್ಷ ಹೈಸ್ಕೂಲು ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಟ್ಟವಳು. ನನ್ನದೇ ಇಂಥ ಪುಸ್ತಕಗಳು ಒಂದು ಟ್ರಂಕಿನ ತುಂಬ ಇವೆ. ನಿಮ್ಮ ಪತ್ರದಲ್ಲಿ ನನಗೆ ಕಂಡ ತೊಂದರೆ ಚಿತ್ರ ಬಾರದ್ದಲ್ಲ. ನೀವು ತೋರಿಸುವುದಕ್ಕೆ ಚಿತ್ರ ಬರೆದಿರಿ. ದುಬಾರಿ ಪುಸ್ತಕ, ಬೆಳ್ಳಗಿನ ದಪ್ಪ ಹಾಳೆ, ಅದರ ನಡುವೆ ಒಂದೇ ಒಂದು ಹಕ್ಕಿ. ಅಂಥ ಹಾಳೆಯನ್ನು ಯಾರು ನೋಡಿದರೂ ಮಾರ್ಕ್ಸ್ ಹಾಕುತ್ತಾರೆ. ಮಗಳ ತಪ್ಪಿಲ್ಲ. ಅದು ಪರೀಕ್ಷೆಯ ಹಾಳೆಯ ಹಾಗೇ ಇತ್ತು.

ಆರ್ಟ್ ಜರ್ನಲ್ ಅಂದರೆ ಡ್ರಾಯಿಂಗ್ ಬುಕ್ ಅಲ್ಲ. ಡೈರಿಯೂ ಅಲ್ಲ. ಬರಹ, ಬಣ್ಣ, ಗೀಚು, ಅಂಟಿಸಿದ ಕಾಗದದ ಚೂರು, ಬಟ್ಟೆಯ ತುಂಡು, ಎಲ್ಲವೂ ಒಂದೇ ಪುಟದಲ್ಲಿ ಬಂದು ಕೂರುವ ಪುಸ್ತಕ ಅದು. ಇದನ್ನು ಮಕ್ಕಳಿಗೆ ಹೇಳುವಾಗ ನಾನು ಕೌದಿಯ ಮಾತು ತೆಗೆಯುತ್ತಿದ್ದೆ. ನಮ್ಮ ತಾಯಿ ಜಗಳೂರು ಕಡೆಯವರು. ಸುಗ್ಗಿ ಮುಗಿದ ಮೇಲೆ ಓಣಿಯ ಹೆಂಗಸರೆಲ್ಲ ಕೂತು ಕೌದಿ ಹೊಲಿಯುತ್ತಿದ್ದರು. ಅಪ್ಪನ ಹಳೇ ಪಂಚೆ, ಅಜ್ಜಿಯ ಇಳಕಲ್ ಸೀರೆಯ ಸೆರಗು, ನನಗೆ ಚಿಕ್ಕದಾದ ಲಂಗ, ಎಲ್ಲ ಅದರೊಳಗೆ. ಈ ತುಂಡು ಚೆನ್ನಾಗಿಲ್ಲ ಎಂದು ಯಾರೂ ಹೇಳುತ್ತಿರಲಿಲ್ಲ. "ಇದು ಯಾರದ್ದು?" ಎಂದು ಕೇಳುತ್ತಿದ್ದರು, ಅಷ್ಟೇ. ಆ ಕೌದಿ ಗೋಡೆಗೆ ತೂಗುಹಾಕಲು ಹೊಲಿದದ್ದಲ್ಲ, ಹೊದೆಯಲು ಹೊಲಿದದ್ದು. ನಿಮ್ಮ ಪುಟಕ್ಕೂ ಅದೇ ಪ್ರಶ್ನೆ ಕೇಳಿ. ಚೆನ್ನಾಗಿದೆಯಾ ಅಂತಲ್ಲ, ಇದು ಯಾರದ್ದು, ಯಾವತ್ತಿನದು ಅಂತ.

ಕೈ ಪಳಗಿರಬೇಕಾ ಎಂದು ಕೇಳುವವರಿಗೆ ಅಮೆರಿಕದ ಒಂದು ಸಣ್ಣ ಅಧ್ಯಯನದ ಬಗ್ಗೆ ಹೇಳುತ್ತೇನೆ. 2016ರಲ್ಲಿ ಪ್ರಕಟವಾದದ್ದು. 39 ಜನ ದೊಡ್ಡವರನ್ನು 45 ನಿಮಿಷ ಬಣ್ಣ, ಜೇಡಿಮಣ್ಣು, ಕಾಗದದ ಚೂರುಗಳ ಜೊತೆ ಬಿಟ್ಟರು. ಸುಮಾರು ಮುಕ್ಕಾಲು ಪಾಲು ಜನರ ಎಂಜಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಇಳಿದಿತ್ತು. ಮೊದಲೇ ಕಲೆ ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಇದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಜನ ಕಡಿಮೆ, ಹೋಲಿಸಿ ನೋಡಲು ಬೇರೆ ಗುಂಪೂ ಇರಲಿಲ್ಲ. ಹಾಗಾಗಿ ಇದನ್ನೇ ಔಷಧಿ ಎಂದು ಹೇಳಲಾರೆ. ಆದರೆ ಚಿತ್ರ ಬಾರದವರಿಗೆ ಬಾಗಿಲು ಮುಚ್ಚಿಲ್ಲ ಎನ್ನಲು ಇಷ್ಟು ಸಾಕು.

ಈಗ ಆ ಹರಿದ ಹಾಳೆಗಳು. ರವೀಂದ್ರನಾಥ ಟ್ಯಾಗೋರರು ಚಿತ್ರಕ್ಕೆ ಬಂದದ್ದು ಅರವತ್ತು ದಾಟಿದ ಮೇಲೆ. ಅದೂ ಹೇಗೆ ಗೊತ್ತಾ? ಕವಿತೆ ಬರೆಯುವಾಗ ಬೇಡವಾದ ಸಾಲುಗಳನ್ನು ಹೊಡೆದುಹಾಕುತ್ತಿದ್ದರು. ಆ ಕಾಟುಗಳು ಕಣ್ಣಿಗೆ ಚುಚ್ಚುತ್ತಿದ್ದವು. ಒಂದು ಕಾಟಿನಿಂದ ಇನ್ನೊಂದಕ್ಕೆ ಗೆರೆ ಎಳೆದು ಕೂಡಿಸುತ್ತಾ ಹೋದರು. ಅದು ಹಕ್ಕಿಯಾಯಿತು, ಯಾವುದೋ ಪ್ರಾಣಿಯಾಯಿತು, ಮುಖವಾಯಿತು. 1924ರ ಹೊತ್ತಿನ ಹಸ್ತಪ್ರತಿಗಳಲ್ಲಿ ಇದು ತುಂಬ ಇದೆ. 1930ರಲ್ಲಿ ಪ್ಯಾರಿಸ್‌ನಲ್ಲಿ ಅವರ ಚಿತ್ರಗಳ ಮೊದಲ ಪ್ರದರ್ಶನ ನಡೆಯಿತು. ನೀವೂ ಪ್ರದರ್ಶನ ಮಾಡಿ ಎನ್ನಲು ಇದನ್ನು ಹೇಳುತ್ತಿಲ್ಲ. ಅವರು ತಪ್ಪನ್ನು ಹರಿದು ಎಸೆಯಲಿಲ್ಲ, ಅದರ ಮೇಲೇ ಕೆಲಸ ಮಾಡಿದರು, ಅದನ್ನು ಗಮನಿಸಿ. ನಿಮ್ಮ ಬೆಳ್ಳಕ್ಕಿಯ ಹಾಳೆಯನ್ನು ಕೈಯಲ್ಲೇ ಉದ್ದುದ್ದ ಹರಿಯಿರಿ, ಕತ್ತರಿ ಬೇಡ. ಆ ಪಟ್ಟಿಗಳನ್ನು ಹೊಸ ಪುಟದ ಮೇಲೆ ಅಡ್ಡಡ್ಡ ಅಂಟಿಸಿ. ಹಕ್ಕಿಯ ಕಾಲು ಒಂದು ಕಡೆ, ಕೊಕ್ಕು ಒಂದು ಕಡೆ ಬರುತ್ತೆ. ಬರಲಿ. "ಕೋಳಿನಾ ಅಮ್ಮ?" ಎಂದು ಅದರ ಮೇಲೇ ಬರೆದು ತಾರೀಖು ಹಾಕಿ. ಇದು ನಿಮ್ಮ ಮೊದಲ ಪುಟ.

ಹೊಸ ಪುಟ ಯಾವುದು? 900 ರೂಪಾಯಿಯ ಪುಸ್ತಕದ್ದಲ್ಲ. ಅದು ಸದ್ಯಕ್ಕೆ ಬೀರುವಿನಲ್ಲೇ ಇರಲಿ. ದುಬಾರಿ ಹಾಳೆ ಎದುರಿಗಿದ್ದರೆ ಕೈ ಹೆದರುತ್ತೆ. ಇದನ್ನು ನಾನು ನೂರಾರು ಮಕ್ಕಳಲ್ಲಿ ನೋಡಿದ್ದೇನೆ. ಹಳೇ ಪಟ್ಟಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಜೀವಂತ ಗೆರೆ ಎಳೆಯುವ ಹುಡುಗ, ಡ್ರಾಯಿಂಗ್ ಶೀಟ್ ಕೊಟ್ಟ ಕೂಡಲೇ ಸ್ಕೇಲು ಹುಡುಕುತ್ತಾನೆ. ಪುಸ್ತಕ ನೀವೇ ಹೊಲಿಯಿರಿ. ಒಂದು ಗಂಟೆಯ ಕೆಲಸ.

ಸ್ಟೇಷನರಿ ಅಂಗಡಿಯಲ್ಲಿ 150 ಜಿಎಸ್‌ಎಂ ಆಸುಪಾಸಿನ ಕಾರ್ಟ್ರಿಡ್ಜ್ ಶೀಟ್, ಅಂದರೆ ಡ್ರಾಯಿಂಗ್‌ಗೆ ಬಳಸುವ ದಪ್ಪ ಹಾಳೆ ಕೇಳಿ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ ಎಷ್ಟು ಗ್ರಾಂ ಅನ್ನುವುದು. ಶಾಲೆಯ ನೋಟ್‌ಬುಕ್ ಹಾಳೆ ಸಾಮಾನ್ಯವಾಗಿ 60ರ ಆಸುಪಾಸು. ಅದರ ಮೇಲೆ ನೀರು ಬಿದ್ದರೆ ಹಿಂದಕ್ಕೆ ಇಳಿಯುತ್ತೆ, ಸುಕ್ಕಾಗುತ್ತೆ. 150 ಇದ್ದರೆ ತೆಳು ಬಣ್ಣ, ಅಂಟು, ಪೆನ್ನು ಮೂರನ್ನೂ ತಡೆಯುತ್ತೆ. 22 ಇಂಚು ಅಗಲ, 30 ಇಂಚು ಉದ್ದದ ಪೂರ್ತಿ ಶೀಟ್ ಸಿಕ್ಕರೆ ನಾಲ್ಕು ಭಾಗ ಮಾಡಿ. ಒಂದೊಂದು 11 ಇಂಚು, 15 ಇಂಚಿನ ತುಂಡು ಬರುತ್ತೆ. ನಾಲ್ಕನ್ನೂ ಒಟ್ಟಿಗೆ ಇಟ್ಟು ಮಧ್ಯಕ್ಕೆ ಮಡಚಿ. 8 ಹಾಳೆ, 16 ಪುಟದ ಪುಸ್ತಕ ಸಿದ್ಧ. ಮೊದಲ ಪುಸ್ತಕಕ್ಕೆ 16 ಪುಟ ಸಾಕು. ಜಾಸ್ತಿ ಮಾಡಬೇಡಿ, ಮುಗಿಸಿದ ಸಂತೋಷ ಬೇಗ ಸಿಗಬೇಕು.

ಹೊಲಿಯಲು ದಬ್ಬಳ ಮತ್ತು ಗಟ್ಟಿ ನೂಲು. ನೂಲಿಗೆ ಮೇಣದ ಬತ್ತಿ ಉಜ್ಜಿ, ಜಾರುವುದಿಲ್ಲ, ಸಿಕ್ಕಾಗುವುದಿಲ್ಲ. ಮಡಿಕೆಯ ಗೆರೆಯ ಮೇಲೆ ಮೂರು ತೂತು ಮಾಡಿ, ನಡುವೆ ಒಂದು, ಮೇಲೆ ಕೆಳಗೆ ಒಂದೊಂದು. ಒಳಗಿನಿಂದ ನಡುವಿನ ತೂತಿಗೆ ದಬ್ಬಳ ಹಾಕಿ ಹೊರಗೆ ತೆಗೆಯಿರಿ. ಒಂದು ಗೇಣು ನೂಲು ಒಳಗೇ ಬಿಟ್ಟಿರಿ. ಹೊರಗಿನಿಂದ ಮೇಲಿನ ತೂತಿಗೆ ಹೋಗಿ ಒಳಗೆ ಬನ್ನಿ. ಒಳಗೆ ನಡುವಿನ ತೂತನ್ನು ಬಿಟ್ಟು ನೇರ ಕೆಳಗಿನ ತೂತಿಗೆ ಹೋಗಿ ಹೊರಗೆ ತೆಗೆಯಿರಿ. ಕೊನೆಗೆ ಹೊರಗಿನಿಂದ ನಡುವಿನ ತೂತಿಗೆ ಬಂದು ಒಳಗೆ ತಲುಪಿ. ಈಗ ನೂಲಿನ ಎರಡು ತುದಿಯೂ ಒಳಗಿವೆ, ನಡುವೆ ಒಂದು ಉದ್ದ ನೂಲು ಹಾದುಹೋಗಿದೆ. ಒಂದು ತುದಿ ಅದರ ಎಡಕ್ಕೆ, ಇನ್ನೊಂದು ಬಲಕ್ಕೆ ಇರುವ ಹಾಗೆ ಹಿಡಿದು ಗಂಟು ಹಾಕಿ. ಹೊದಿಕೆಗೆ ಸೀರೆ ಡಬ್ಬಿಯ ರಟ್ಟು ಚೆನ್ನಾಗಿರುತ್ತೆ. ನಿಮ್ಮ ತಂದೆಯವರ ಹಳೇ ಅಂಗಿ ಇದ್ದರೆ, ಅದರ ಬಟ್ಟೆಯನ್ನೇ ಆ ರಟ್ಟಿಗೆ ಹಚ್ಚಿ. ಅವರು ಜೀವಮಾನವಿಡೀ ಹತ್ತಿಯ ಜೊತೆ ಇದ್ದವರು, ಅಲ್ವಾ?

ಮುಂದಿನ ಭಯ ಬಿಳಿ ಪುಟದ್ದು. ಬರೆಯಲು ಕೂರುವ ಹಿಂದಿನ ದಿನವೇ ಆ ಬಿಳಿಯನ್ನು ಹಾಳುಮಾಡಿ. ಕಾಫಿ ಡಿಕಾಕ್ಷನ್ ಸವರಿ ಬಿಟ್ಟರೂ ಸಾಕು. ಆದರೆ ನನಗೆ ಎಲ್ಲಕ್ಕಿಂತ ಪ್ರೀತಿ ನಮ್ಮ ಮಣ್ಣಿನ ಬಣ್ಣ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಎರಡೂ ಜಿಲ್ಲೆಗಳಲ್ಲಿ ಕೆಂಪು ಮಣ್ಣೂ ಇದೆ, ಎರೆ ಮಣ್ಣೂ ಇದೆ. ಕೆಂಪು ಮಣ್ಣಿನ ಕೆಂಪು ಅಂದರೆ ಕಬ್ಬಿಣದ ತುಕ್ಕು, ಐರನ್ ಆಕ್ಸೈಡ್. ಅದು ಬಿಸಿಲಿಗೆ ಮಾಸುವುದಿಲ್ಲ. ಸಾವಿರಾರು ವರ್ಷದ ಹಿಂದಿನ ಬಂಡೆಚಿತ್ರಗಳ ಕೆಂಪು ಇವತ್ತಿಗೂ ಉಳಿದಿರುವುದು ಇದೇ ಕಾರಣಕ್ಕೆ. ಅರಿಶಿನ, ಬೀಟ್‌ರೂಟ್ ಮೊದಲ ದಿನ ಎಷ್ಟು ಚೆಂದ ಕಂಡರೂ ಬೆಳಕಿಗೆ ಹಾರಿಹೋಗುತ್ತವೆ. ಒಂದು ಹಿಡಿ ಕೆಂಪು ಮಣ್ಣು ತಂದು ಕುಟ್ಟಿ, ಲೋಟದ ನೀರಿಗೆ ಹಾಕಿ ಕದಡಿ. ಹತ್ತು ಎಣಿಸುವಷ್ಟರಲ್ಲಿ ಮರಳು ತಳಕ್ಕೆ ಕೂರುತ್ತೆ. ಮೇಲಿನ ಕೆಂಪು ನೀರನ್ನು ಮಾತ್ರ ಇನ್ನೊಂದು ಲೋಟಕ್ಕೆ ಬಗ್ಗಿಸಿ. ಇದನ್ನೇ ಎರಡು ಮೂರು ಸಲ ಮಾಡಿ. ರಾತ್ರಿ ಹಾಗೇ ಬಿಡಿ. ಬೆಳಗ್ಗೆ ತಿಳಿನೀರು ಚೆಲ್ಲಿದರೆ ಅಡಿಯಲ್ಲಿ ಬೆಣ್ಣೆಯಂಥ ನುಣುಪು ಮಣ್ಣು. ಅದನ್ನು ಒಣಗಿಸಿ ಪುಡಿ ಮಾಡಿ.

ಅಂಟಿಗೆ ಜಾಲಿ ಗೋಂದು. ಅಂಗಡಿಯ ವಾಟರ್ ಕಲರ್‌ನಲ್ಲೂ ಇರುವುದು ಇದೇ ಜಾತಿಯ ಗೋಂದು. ಒಂದು ಪಾಲು ಗೋಂದನ್ನು ಎರಡು ಪಾಲು ನೀರಿನಲ್ಲಿ ರಾತ್ರಿ ನೆನೆಹಾಕಿ ಬಟ್ಟೆಯಲ್ಲಿ ಸೋಸಿ. ಒಂದೆರಡು ಹನಿ ಜೇನುತುಪ್ಪ ಬಿಟ್ಟರೆ ಒಣಗಿದ ಬಣ್ಣ ಒಡೆಯುವುದಿಲ್ಲ. ಒಂದು ಲವಂಗ ಹಾಕಿಟ್ಟರೆ ಬೂಸ್ಟು ಬೇಗ ಬರುವುದಿಲ್ಲ. ಮಣ್ಣು, ಗೋಂದಿನ ನೀರು ಸಮಸಮ ಹಾಕಿ ಗಾಜಿನ ಮೇಲೆ ಚಮಚದ ಬೆನ್ನಿನಿಂದ ತಿಕ್ಕಿ. ಸೋಡಾ ಬಾಟಲಿ ಮುಚ್ಚಳದಲ್ಲಿ ತುಂಬಿ ಒಣಗಿಸಿ. ಹಾಳೆಗೆ ಹಚ್ಚಿ ಒಣಗಿದ ಮೇಲೆ ಬೆರಳಿಗೆ ಪುಡಿ ಹತ್ತಿದರೆ ಗೋಂದು ಕಡಿಮೆಯಾಗಿದೆ. ಮಿರಮಿರ ಹೊಳೆದು ಸಿಡಿದರೆ ಜಾಸ್ತಿಯಾಗಿದೆ. ಎರೆ ಮಣ್ಣಿನಿಂದ ಕಪ್ಪು ಬರುತ್ತೆ ಅಂದುಕೊಳ್ಳಬೇಡಿ, ಬೂದು ಬೆರೆತ ಕಂದು ಬರುತ್ತೆ. ಮುಚ್ಚಳದಲ್ಲಿ ಒಣಗಿಸಿದರೆ ಬಿರುಕು ಬಿಡುತ್ತೆ. ಬೇಸಿಗೆಯಲ್ಲಿ ಎರೆ ಹೊಲ ಬಾಯಿ ಬಿಡುವುದೂ ಇದೇ ಗುಣದಿಂದ. ಅದನ್ನು ಆಗಿಂದಾಗ ಕಲಸಿ ಬಳಸಿ.

ಒಂದು ಮಾತು. ಮಣ್ಣು, ಕಲ್ಲು ಏನೇ ಇರಲಿ, ದುರ್ಗದ ಕೋಟೆಯಿಂದಾಗಲಿ ಚಂದ್ರವಳ್ಳಿಯಿಂದಾಗಲಿ ತರಬೇಡಿ. ಅಲ್ಲಿನ ಶಾಸನ, ಕೆತ್ತನೆಗಳ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜುವುದೂ ಬೇಡ. ಮಣ್ಣು ನಿಮ್ಮ ಹೊಲದ್ದೋ ಹಿತ್ತಲಿನದೋ ಆಗಲಿ. ನಿಮ್ಮ ತಂದೆಯವರ ಊರಿನದು ಸಿಕ್ಕರೆ ಇನ್ನೂ ಒಳ್ಳೆಯದು.

ಅಂಟಿಸುವ ವಿಷಯ. ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ ಬ್ರಷ್‌ನಲ್ಲಿ ತೆಳ್ಳಗೆ ಹಚ್ಚಿ, ಅಂಚಿನವರೆಗೂ. ನೀರು ಜಾಸ್ತಿಯಾದರೆ ಹಾಳೆ ಉಬ್ಬುತ್ತೆ. ಬೆಣ್ಣೆ ದೋಸೆ ಕಟ್ಟಿಕೊಟ್ಟ ಕಾಗದ, ಮಿರ್ಚಿ ಪೊಟ್ಟಣ ಅಂಟಿಸುವ ಆಸೆ ದಾವಣಗೆರೆಯವರಿಗೆ ಬಂದೇ ಬರುತ್ತೆ. ಬೇಡ. ಜಿಡ್ಡು ಪಕ್ಕದ ನಾಲ್ಕು ಪುಟಕ್ಕೆ ಇಳಿಯುತ್ತೆ, ಜಿರಳೆಯನ್ನೂ ಕರೆಯುತ್ತೆ. ಜಿಡ್ಡಿಲ್ಲದ ಮಂಡಕ್ಕಿ ಪೊಟ್ಟಣದ ಕಾಗದ ಆಗುತ್ತೆ. ಆದರೆ ನ್ಯೂಸ್‌ಪೇಪರ್ ಬೇಗ ಹಳದಿಯಾಗುತ್ತೆ, ಏಕೆಂದರೆ ಮರದಲ್ಲಿರುವ ಲಿಗ್ನಿನ್ ಎಂಬ ಅಂಶ ಅದರಲ್ಲಿ ಹಾಗೇ ಉಳಿದಿರುತ್ತೆ. ನನಗೆ ಆ ಹಳದಿ ಇಷ್ಟ. ನಿಮಗೆ ಬೇಡವಾದರೆ ಜೆರಾಕ್ಸ್ ತೆಗೆಸಿ ಅಂಟಿಸಿ. ಯಂತ್ರದಿಂದ ಬರುವ ಬಸ್ ಟಿಕೆಟ್, ಅಂಗಡಿ ಬಿಲ್ಲುಗಳ ಅಕ್ಷರ ಕೆಲವೇ ವರ್ಷದಲ್ಲಿ ಮಾಸಿ ಖಾಲಿ ಕಾಗದವಾಗುತ್ತೆ. ಆಸ್ಪತ್ರೆಯ ಬಿಲ್ಲು, ನಿಮ್ಮ ತಂದೆಯವರ ಜೊತೆ ಹೋದ ಕೊನೆಯ ಪ್ರಯಾಣದ ಟಿಕೆಟ್, ಇಂಥವನ್ನು ಮೊದಲು ಜೆರಾಕ್ಸ್ ಮಾಡಿಸಿಕೊಳ್ಳಿ.

ಇನ್ನೊಂದು ನನ್ನ ಅನುಭವದ್ದು. ಒಂದು ಏಪ್ರಿಲ್‌ನಲ್ಲಿ ಅಕ್ರಿಲಿಕ್ ಬಣ್ಣ ದಪ್ಪಗೆ ಹಚ್ಚಿದ ಪುಸ್ತಕವನ್ನು ಮುಚ್ಚಿ, ಮೇಲೆ ಬೇರೆ ಪುಸ್ತಕ ಹೇರಿ ಇಟ್ಟಿದ್ದೆ. ನಮ್ಮ ಬಿಸಿಲಿಗೆ ಎದುರುಬದುರು ಪುಟಗಳು ಅಂಟಿಕೊಂಡವು. ಬಿಡಿಸಲು ಹೋಗಿ ನಮ್ಮ ತಾಯಿ ಬಗ್ಗೆ ಬರೆದ ಪುಟವೇ ಕಿತ್ತುಬಂತು. ಇವತ್ತಿಗೂ ಅದು ನೋವು. ಅಕ್ರಿಲಿಕ್ ಒಣಗಿದಂತೆ ಕಂಡರೂ ಶಾಖಕ್ಕೆ ಮೆತ್ತಗಾಗುತ್ತೆ. ಪುಟಗಳ ನಡುವೆ ಬಟರ್ ಪೇಪರ್ ಇಡಿ. ಇಲ್ಲವೇ ಮೊದಲ ಪುಸ್ತಕಕ್ಕೆ ಪೋಸ್ಟರ್ ಕಲರ್, ಮಣ್ಣಿನ ಬಣ್ಣ ಸಾಕು ಅಂದುಕೊಳ್ಳಿ.

ಸ್ಟಿಕ್ಕರ್, ಬಣ್ಣದ ಟೇಪು, ಅಚ್ಚು ಹಾಕಿದ ಹೂವು, ಇವನ್ನೆಲ್ಲ ಕೊಳ್ಳಬೇಡಿ ಎಂದೇ ಹೇಳುತ್ತೇನೆ. ಅವು ಯಾರದ್ದೂ ಅಲ್ಲ.

ಈಗ ನಿಮ್ಮ ಪತ್ರದ ಮುಖ್ಯ ಮಾತು. ಅಪ್ಪನ ಬಗ್ಗೆ ಬರೆಯುವುದು, ಯಾರಾದರೂ ಓದುವುದು.

ಜರ್ನಲ್‌ನಲ್ಲಿ ಇದಕ್ಕೆ ಒಂದು ದಾರಿ ಇದೆ. ಮೊದಲು ಬರೆಯಿರಿ, ಆಮೇಲೆ ಮುಚ್ಚಿ. ಪುಟದ ತುಂಬ ಪೆನ್ಸಿಲಿನಲ್ಲಿ ಮನಸ್ಸಿಗೆ ಬಂದದ್ದನ್ನೆಲ್ಲ ಬರೆಯಿರಿ. ಕಾಗುಣಿತ ನೋಡಬೇಡಿ. ಸಾಲು ತುಂಬಿದ ಮೇಲೆ ಹಾಳೆಯನ್ನು ಅಡ್ಡ ತಿರುಗಿಸಿ ಅದರ ಮೇಲೇ ಇನ್ನೊಮ್ಮೆ ಬರೆಯಿರಿ. ಅಲ್ಲಿಗೆ ಯಾರಿಗೂ ಓದಲು ಬರುವುದಿಲ್ಲ. ಆ ಪುಟಕ್ಕೆ ಬಿಳಿ ಪೋಸ್ಟರ್ ಕಲರ್ ತೆಳ್ಳಗೆ ಎಳೆಯಿರಿ. ಅಕ್ಷರದ ನೆರಳು ಮಾತ್ರ ಉಳಿಯುತ್ತೆ. ಅದರ ಮೇಲೆ ಮಣ್ಣಿನ ಬಣ್ಣ, ಕಾಗದ. ಹೇಳಬೇಕಾದದ್ದು ಪುಟದೊಳಗೇ ಇದೆ, ನಿಮಗೆ ಗೊತ್ತು. ಬೇರೆಯವರಿಗೆ ಕಾಣುವುದು ಬಣ್ಣ. ಮುಚ್ಚಲು ಇಷ್ಟವಿಲ್ಲದ ಮಾತಿದ್ದರೆ ಚಿಕ್ಕ ಚೀಟಿಯಲ್ಲಿ ಬರೆದು, ಲಗ್ನಪತ್ರಿಕೆಯ ಕವರನ್ನು ಪುಟಕ್ಕೆ ಅಂಟಿಸಿ ಅದರೊಳಗಿಟ್ಟು ಬಾಯಿ ಹೊಲಿದುಬಿಡಿ. ಹೊಲಿಗೆ ಬಿಚ್ಚಿ ಓದುವವರು ಕಡಿಮೆ.

ಬರೆದ ದಿನ ಮನಸ್ಸು ಹಗುರವಾಗುತ್ತೆ ಎಂದು ನಂಬಿ ಕೂರಬೇಡಿ. ಹಲವರಿಗೆ ಅವತ್ತು ಭಾರ ಜಾಸ್ತಿಯಾಗುತ್ತೆ. ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞರು ಸಹೋದ್ಯೋಗಿಯ ಜೊತೆ ಮಾಡಿದ ಅಧ್ಯಯನ 1986ರಲ್ಲಿ ಪ್ರಕಟವಾಯಿತು. ಕಾಲೇಜು ವಿದ್ಯಾರ್ಥಿಗಳು ತಮ್ಮ ನೋವಿನ ಘಟನೆಗಳನ್ನು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಬರೆದ ಕೂಡಲೇ ಅವರ ಬೇಸರ ಹೆಚ್ಚಾಗಿತ್ತು. ಆದರೆ ಏನಾಯಿತು ಎನ್ನುವುದರ ಜೊತೆ ಏನನ್ನಿಸಿತು ಎಂದೂ ಬರೆದವರು ಮುಂದಿನ ಆರು ತಿಂಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆಮೇಲಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ ಲಾಭ ಸಣ್ಣದೇ ಎಂದು ಕಂಡಿದೆ. ನಾನು ಇದರಿಂದ ತೆಗೆದುಕೊಳ್ಳುವುದು ಎರಡು. 15 ನಿಮಿಷ ಸಾಕು. ಮರುದಿನ ಆಫೀಸಿನಲ್ಲಿ ದೊಡ್ಡ ಕೆಲಸವಿರುವ ರಾತ್ರಿ ಇದನ್ನು ಬರೆಯಬೇಡಿ. ಭಾನುವಾರ ಬೆಳಗ್ಗೆ ಒಳ್ಳೆಯದು, ಬರೆದ ಮೇಲೆ ಕೆರೆ ಏರಿಯ ಮೇಲೆ ನಡೆದು ಬನ್ನಿ.

ವರ್ಷವಾದರೂ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಎಂದಾದರೆ ಪುಸ್ತಕ ಪಕ್ಕಕ್ಕಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಕಲೆ ಅದರ ಜೊತೆ ನಡೆಯಬಹುದು, ಅದರ ಬದಲಿಗೆ ಅಲ್ಲ.

ಏನು ಬರೆಯಲಿ ಎಂದು ತೋಚದ ದಿನಗಳಿಗೆ: ಅಪ್ಪನ ಮುಖ ಬರೆಯಲು ಹೋಗಬೇಡಿ ತಂಗಿ. ನನಗೂ ಆಗಲಿಲ್ಲ. ಪ್ರೀತಿಯ ಮುಖ ಹಾಳೆಗೆ ಸಿಗುವುದಿಲ್ಲ, ಸಿಗದಿದ್ದಾಗ ದುಃಖ ಎರಡು ಪಟ್ಟಾಗುತ್ತೆ. ಅವರ ಸಾಮಾನು ತೆಗೆದುಕೊಳ್ಳಿ. ಕನ್ನಡಕವನ್ನು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಬಾಚಣಿಕೆ, ವಾಚು, ಬೀಗದ ಕೈ, ಎಲ್ಲವನ್ನೂ ಹೀಗೇ ಮಾಡಬಹುದು. ಸುತ್ತ ಗೆರೆ ಎಳೆಯುವುದು ಮೋಸವಲ್ಲ. ಆ ವಸ್ತು ಹಾಳೆಯನ್ನು ನಿಜಕ್ಕೂ ಮುಟ್ಟಿತ್ತು, ಅದರ ಅಳತೆ ಸುಳ್ಳಲ್ಲ. ಕನ್ನಡಕದ ಒಳಗಿನ ಜಾಗದಲ್ಲಿ ಅವರು ಹೇಳುತ್ತಿದ್ದ ಒಂದೇ ಒಂದು ಮಾತು ಬರೆಯಿರಿ, ಅವರು ಹೇಳುತ್ತಿದ್ದ ಹಾಗೇ, ತಿದ್ದದೆ. ಮಿಲ್ಲಿನ ಪಾಳಿಯ ವೇಳೆ ನೆನಪಿದೆಯಾ? ಅವರು ಮನೆಗೆ ಬಂದಾಗ ಅಂಗಿಯ ಮೇಲೆ ಹತ್ತಿಯ ಎಳೆ ಇರುತ್ತಿತ್ತಾ? ಒಂದು ಚೂರು ಹತ್ತಿ ಅಂಟಿಸಿ, ಪಕ್ಕದಲ್ಲಿ ಪಾಳಿಯ ಗಂಟೆ ಬರೆಯಿರಿ. ಪುಟ ಆಯಿತು.

ಒಂದು ರಜೆ ದಿನ ದುರ್ಗಕ್ಕೂ ಬನ್ನಿ. ಬಿಸಿಲೇರುವ ಮುಂಚೆ ಕೋಟೆಯೊಳಗೆ ಒಂದು ಬಂಡೆಯ ಎದುರು ಕೂರಿ. ಏಳು ಸುತ್ತಿನ ಕೋಟೆ ಬರೆಯಲು ಹೋಗಬೇಡಿ, ಆ ಬಂಡೆಯ ಒಂದು ಬಿರುಕು ಮಾತ್ರ. ಅದು ಎಲ್ಲಿ ಶುರುವಾಗುತ್ತೆ, ಎಲ್ಲಿ ಕವಲಾಗುತ್ತೆ, ಎಲ್ಲಿ ಹುಲ್ಲು ಹುಟ್ಟಿದೆ. ಕಣ್ಣು ಹೋದಷ್ಟೇ ನಿಧಾನವಾಗಿ ಪೆನ್ಸಿಲ್ ಹೋಗಲಿ. ಬಿರುಕನ್ನು ಯಾರೂ ಕೋಳಿ ಅನ್ನುವುದಿಲ್ಲ.

ಮಗಳ ವಿಷಯ ಕೊನೆಗೆ. ಅವಳಿಗೆ ಬೈಯಬೇಡಿ, ಪುಸ್ತಕ ಬಚ್ಚಿಡಲೂ ಬೇಡಿ. ಇದು ನನ್ನದು, ಕೇಳದೆ ತೆರೆಯಬೇಡ ಎಂದು ಒಂದು ಸಲ ನೇರವಾಗಿ ಹೇಳಿ. ಕಾರ್ಟ್ರಿಡ್ಜ್ ಶೀಟ್ ತರುವಾಗ ಎರಡು ತನ್ನಿ. ಇನ್ನೊಂದನ್ನೂ ಮಡಚಿ ಹೊಲಿದು ಅವಳ ಮೇಜಿನ ಮೇಲಿಡಿ. ಅವಳೂ ತಾತನನ್ನು ಕಳೆದುಕೊಂಡವಳೇ ಅಲ್ವಾ? ಅವಳು ಅದರಲ್ಲಿ ಏನಾದರೂ ಬರೆದಳಾ ಎಂದು ಕೇಳಬೇಡಿ, ಅವಳಾಗಿ ಕೊಡುವವರೆಗೂ ತೆರೆದು ನೋಡಬೇಡಿ.